ಚಲನಚಿತ್ರ ಮತ್ತು ಜಾಹೀರಾತುಗಳಲ್ಲಿ ಪರಿಚಿತ ಸಂಗೀತ

ಪರಿಚಿತ ಸಂಗೀತದ ಬಳಕೆ ಎಂದರೆ ಪ್ರೇಕ್ಷಕರು ಮೊದಲೇ ಬಲ್ಲ ಹಾಡು, ಧಾಟಿ ಅಥವಾ ವಾದ್ಯಸಂಗೀತದ ತುಣುಕನ್ನು ಚಲನಚಿತ್ರ, ಜಾಹೀರಾತು ಅಥವಾ ಇತರ ಪ್ರಚಾರ ಸಾಮಗ್ರಿಯಲ್ಲಿ ಅಳವಡಿಸಿ, ಅದರೊಡನೆ ಬೆಸೆದುಕೊಂಡಿರುವ ನೆನಪು ಮತ್ತು ಭಾವನೆಗಳ ನೆರವಿನಿಂದ ಕಥನವನ್ನು ಬಲಪಡಿಸುವ ಕ್ರಮ. ಹೊಸದಾಗಿ ಸಂಯೋಜಿಸಿದ ಸಂಗೀತವು ತನ್ನ ಅರ್ಥವನ್ನು ಕಥೆಯೊಳಗಿನಿಂದಲೇ ಪಡೆಯಬೇಕಾಗುತ್ತದೆ. ಪರಿಚಿತ ಸಂಗೀತವು ಕಥೆಯ ಹೊರಗಿನಿಂದ ಅರ್ಥವನ್ನು ಹೊತ್ತು ತರುತ್ತದೆ. ಕರ್ನಾಟಕದಲ್ಲಿ ದಾಸರ ಪದಗಳು, ತತ್ವಪದಗಳು, ಲಾವಣಿಗಳು, ನವೋದಯದ ಭಾವಗೀತೆಗಳು ಮತ್ತು ಹಳೆಯ ಚಿತ್ರಗೀತೆಗಳು ಈ ರೀತಿ ಬಳಕೆಯಾಗಿವೆ. ಕನ್ನಡ ಮತ್ತು ಮರಾಠಿ ಸಂಗೀತ ಪರಂಪರೆಗಳು ಕೂಡುವ ಬೆಳಗಾವಿ ನಗರ, ಖಾನಾಪುರ ಹಾಗೂ ಸುತ್ತಲಿನ ಪ್ರದೇಶದಲ್ಲಿ ಚಲನಚಿತ್ರ ಹುಟ್ಟುವ ಮೊದಲೇ ರಂಗಭೂಮಿಯು ಈ ಕ್ರಮವನ್ನು ರೂಢಿಸಿಕೊಂಡಿತ್ತು.

## ಪರಿಕಲ್ಪನೆ

ಚಲನಚಿತ್ರದ ಸಂಗೀತವನ್ನು ಸಾಮಾನ್ಯವಾಗಿ ಎರಡು ಬಗೆಯಾಗಿ ವಿಂಗಡಿಸಲಾಗುತ್ತದೆ. ಪಾತ್ರಗಳ ಕಿವಿಗೂ ಬೀಳುವ ಸಂಗೀತ, ಅಂದರೆ ದೃಶ್ಯದೊಳಗಿನ ರೇಡಿಯೊ, ಭಜನೆ ಅಥವಾ ಮದುವೆಯ ವಾದ್ಯ ಮೊದಲನೆಯದು. ಪ್ರೇಕ್ಷಕರಿಗೆ ಮಾತ್ರ ಕೇಳಿಸುವ ಹಿನ್ನೆಲೆ ಸಂಗೀತ ಎರಡನೆಯದು. ಪರಿಚಿತ ಸಂಗೀತವು ಎರಡೂ ಬಗೆಯಲ್ಲಿ ಬರಬಹುದು.

ಬಳಕೆಯ ಸ್ವರೂಪವನ್ನು ಆಧರಿಸಿ ಈ ಕೆಳಗಿನ ವಿಧಗಳನ್ನು ಗುರುತಿಸಬಹುದು:

* ಮೂಲ ಧ್ವನಿಮುದ್ರಿಕೆಯ ಬಳಕೆ: ಹಳೆಯ ಮುದ್ರಿಕೆಯನ್ನೇ ದೃಶ್ಯಕ್ಕೆ ಜೋಡಿಸುವುದು.
* ಮರುಗಾಯನ: ಅದೇ ಸಾಹಿತ್ಯ ಮತ್ತು ಧಾಟಿಯನ್ನು ಹೊಸ ಕಂಠ, ಹೊಸ ವಾದ್ಯಸಂಯೋಜನೆಯಲ್ಲಿ ಮುದ್ರಿಸುವುದು.
* ಧಾಟಿಯ ಎರವಲು: ಬಲ್ಲ ಧಾಟಿಗೆ ಹೊಸ ಸಾಹಿತ್ಯ ಕೂಡಿಸುವುದು. ರಂಗಭೂಮಿಯಲ್ಲಿ ಇದನ್ನು 'ಮಟ್ಟು' ಎಂದು ಕರೆಯುತ್ತಾರೆ. ಹಾಡಿನ ಮೇಲ್ಭಾಗದಲ್ಲಿ ಅದನ್ನು ಯಾವ ಹಾಡಿನ ಮಟ್ಟಿನಲ್ಲಿ ಹಾಡಬೇಕೆಂದು ಬರೆಯುವ ರೂಢಿಯಿತ್ತು.
* ಸಾಹಿತ್ಯದ ಎರವಲು: ಜನಪ್ರಿಯ ಕವಿತೆ ಅಥವಾ ಪದಕ್ಕೆ ಹೊಸ ರಾಗಸಂಯೋಜನೆ ಮಾಡುವುದು.
* ಧ್ವನಿಮುದ್ರೆ: ಒಂದು ಸಂಸ್ಥೆ ಕಿರುಧಾಟಿಯೊಂದನ್ನು ಮತ್ತೆ ಮತ್ತೆ ಕೇಳಿಸಿ ಅದನ್ನೇ ತನ್ನ ಗುರುತಾಗಿಸಿಕೊಳ್ಳುವುದು.

## ಪರಿಣಾಮದ ಕಾರಣಗಳು

ಒಂದು ವಸ್ತುವನ್ನು ಪದೇ ಪದೇ ಎದುರುಗೊಂಡಷ್ಟೂ ಅದರ ಬಗೆಗಿನ ಒಲವು ಹೆಚ್ಚುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಜಯೊನ್ಸ್ 1968ರಲ್ಲಿ ಪ್ರಯೋಗಗಳ ಮೂಲಕ ಮಂಡಿಸಿದರು. ಹಾಡಿನ ವಿಷಯದಲ್ಲಿ ಇದರ ಜೊತೆಗೆ ವೈಯಕ್ತಿಕ ನೆನಪೂ ಸೇರುತ್ತದೆ. ಕೆಲವೇ ಸ್ವರಗಳು ಕಿವಿಗೆ ಬಿದ್ದೊಡನೆ ಕೇಳುಗನು ಹಾಡನ್ನು ಗುರುತಿಸಿ, ಮುಂದಿನ ಸಾಲನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾನೆ. ಹೀಗೆ ಕೇಳುಗನು ಕಥನದಲ್ಲಿ ತಾನೂ ಪಾಲ್ಗೊಳ್ಳುವುದರಿಂದ ಮೂವತ್ತು ಸೆಕೆಂಡುಗಳ ಜಾಹೀರಾತಿನಲ್ಲಿಯೂ ಕಾಲ, ಊರು, ಮನೆತನ, ಹಬ್ಬ ಮುಂತಾದವನ್ನು ಮಾತಿಲ್ಲದೆ ಸೂಚಿಸಲು ಸಾಧ್ಯವಾಗುತ್ತದೆ.

ಪರಿಚಿತ ಸಂಗೀತವು ದೃಶ್ಯದ ಭಾವಕ್ಕೆ ಅನುಗುಣವಾಗಿಯೇ ಇರಬೇಕೆಂದಿಲ್ಲ. ಕ್ರೌರ್ಯದ ದೃಶ್ಯಕ್ಕೆ ಭಕ್ತಿಗೀತೆಯನ್ನು, ದುಃಖದ ದೃಶ್ಯಕ್ಕೆ ಮದುವೆಯ ಹಾಡನ್ನು ಜೋಡಿಸಿದಾಗ ಎರಡರ ನಡುವಿನ ವೈರುಧ್ಯವೇ ಅರ್ಥವನ್ನು ಹುಟ್ಟಿಸುತ್ತದೆ. ಸ್ಟ್ಯಾನ್ಲಿ ಕುಬ್ರಿಕ್ ಅವರ '2001: ಎ ಸ್ಪೇಸ್ ಒಡಿಸ್ಸಿ' (1968) ಚಿತ್ರಕ್ಕೆ ಅಲೆಕ್ಸ್ ನಾರ್ತ್ ಹೊಸ ಸಂಗೀತ ರಚಿಸಿದ್ದರೂ ನಿರ್ದೇಶಕರು ಅದನ್ನು ಕೈಬಿಟ್ಟು, ರಿಚರ್ಡ್ ಸ್ಟ್ರಾಸ್ ಮತ್ತು ಯೋಹಾನ್ ಸ್ಟ್ರಾಸ್ ಮೊದಲಾದವರ ಹಿಂದಿನ ಕೃತಿಗಳನ್ನೇ ಉಳಿಸಿಕೊಂಡರು. ಬಾಹ್ಯಾಕಾಶ ನೌಕೆಯ ಚಲನೆಗೆ ಹತ್ತೊಂಬತ್ತನೆಯ ಶತಮಾನದ ವಾಲ್ಟ್ಸ್ ನೃತ್ಯಸಂಗೀತವನ್ನು ಹೊಂದಿಸಿದ್ದು ಈ ಕ್ರಮದ ಪ್ರಸಿದ್ಧ ಉದಾಹರಣೆಯಾಗಿದೆ.

## ಬೆಳಗಾವಿ ಮತ್ತು ಖಾನಾಪುರ ಪ್ರದೇಶದ ಹಿನ್ನೆಲೆ

### ರಂಗಸಂಗೀತ

ಮರಾಠಿ ಸಂಗೀತ ನಾಟಕದ ಪ್ರವರ್ತಕರೆಂದು ಹೆಸರಾದ ಅಣ್ಣಾಸಾಹೇಬ ಕಿರ್ಲೋಸ್ಕರ (1843–1885) ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. 1880ರಲ್ಲಿ ರಂಗಕ್ಕೆ ಬಂದ 'ಸಂಗೀತ ಶಾಕುಂತಲ' ಮತ್ತು ನಂತರದ 'ಸಂಗೀತ ಸೌಭದ್ರ' ನಾಟಕಗಳಲ್ಲಿ ಅವರು ಶಾಸ್ತ್ರೀಯ ರಾಗಗಳೊಡನೆ ಕನ್ನಡ ಸೀಮೆಯಲ್ಲಿ ಪ್ರಚಲಿತವಾಗಿದ್ದ ಮಟ್ಟುಗಳನ್ನೂ ಬಳಸಿಕೊಂಡರು. ಮುಂದೆ ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳು ಮರಾಠಿ ನಾಟ್ಯಗೀತೆಗಳ ಧಾಟಿಗೆ ಕನ್ನಡ ಸಾಹಿತ್ಯ ಹೊಂದಿಸಿದವು. ಹೀಗೆ ಧಾಟಿಯು ಎರಡು ಭಾಷೆಗಳ ನಡುವೆ ಹೋಗಿ ಬರುತ್ತಿದ್ದುದರಿಂದ, ನಾಟಕ ಹೊಸದಾದರೂ ಅದರ ಸಂಗೀತ ಪ್ರೇಕ್ಷಕರಿಗೆ ಹಳೆಯ ಪರಿಚಯವಾಗಿರುತ್ತಿತ್ತು.

ಗೋಕಾಕ ಸೀಮೆಯ ಕುಲಗೋಡು ತಮ್ಮಣ್ಣನ ಹೆಸರಿನೊಂದಿಗೆ ಬೆಸೆದಿರುವ 'ಶ್ರೀಕೃಷ್ಣ ಪಾರಿಜಾತ' ಮತ್ತು ಬೈಲಹೊಂಗಲ ಸೀಮೆಯ ಕೊಲೆಯೊಂದನ್ನು ಆಧರಿಸಿದ 'ಸಂಗ್ಯಾ ಬಾಳ್ಯಾ' ಈ ಭಾಗದ ಎರಡು ಮುಖ್ಯ ಸಣ್ಣಾಟಗಳು. ಇವುಗಳ ಕಥೆ ಮತ್ತು ಹಾಡುಗಳೆರಡೂ ಜನರಿಗೆ ಬಾಯಿಪಾಠವಾಗಿರುತ್ತವೆ. ಮುಂದೇನಾಗುತ್ತದೆ ಎಂಬ ಕುತೂಹಲಕ್ಕಿಂತ, ಬಲ್ಲ ಹಾಡು ಇಂದು ಯಾವ ಕಂಠದಲ್ಲಿ, ಯಾವ ಭಾವದಲ್ಲಿ ಬರುತ್ತದೆ ಎಂಬ ನಿರೀಕ್ಷೆಯೇ ಇಲ್ಲಿ ಪ್ರಧಾನ.

ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವ (ಮೂಲ ಹೆಸರು ಶಿವಪುತ್ರ ಸಿದ್ರಾಮಯ್ಯ ಕೋಮಕಳಿ) ಬಾಲ್ಯದಲ್ಲಿ ಗ್ರಾಮೊಫೋನ್ ಮುದ್ರಿಕೆಗಳನ್ನು ಕೇಳಿ, ಪ್ರಸಿದ್ಧ ಗಾಯಕರ ಗಾಯನವನ್ನು ಯಥಾವತ್ತಾಗಿ ಹಾಡಿ ತೋರಿಸುವುದರಿಂದಲೇ ಮೊದಲು ಹೆಸರಾದರು. ಗುರುತಿಸುವಿಕೆಯಿಂದ ದೊರೆಯುವ ಆನಂದಕ್ಕೆ ಇದೂ ಒಂದು ನಿದರ್ಶನ.

### ಲಾವಣಿ ಮತ್ತು ಗೀಗೀ ಪದ

ಕಿತ್ತೂರು ಸಂಸ್ಥಾನದ ಹೋರಾಟಗಾರ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಅವನ ಕಥೆಯನ್ನು ಜನರ ನಡುವೆ ಉಳಿಸಿದ್ದು ಮುಖ್ಯವಾಗಿ ಲಾವಣಿ ಮತ್ತು ಗೀಗೀ ಪದಗಳು. ಡಪ್ಪು, ತುಂತುಣಿ ಮತ್ತು ತಾಳಗಳ ಹಿಮ್ಮೇಳದಲ್ಲಿ ಮುಖ್ಯ ಹಾಡುಗಾರ ಕಥೆಯನ್ನು ಮುಂದುವರಿಸುತ್ತಾ ಹೋದಂತೆ ಸಹಗಾಯಕರು 'ಗೀ ಗೀ' ಎಂದು ದನಿಗೂಡಿಸುತ್ತಾರೆ. ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳ ಸಂಗ್ರಹದಲ್ಲಿ ಸಂಗೊಳ್ಳಿ ರಾಯಣ್ಣ ಮತ್ತು ಸಂಗ್ಯಾನನ್ನು ಕುರಿತ ಲಾವಣಿಗಳು ಸೇರಿವೆ.

ಬಿ. ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' (1961) ಮತ್ತು ನಾಗಣ್ಣ ನಿರ್ದೇಶನದ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' (2012) ಚಿತ್ರಗಳು ತೆರೆಗೆ ಬರುವ ಹೊತ್ತಿಗೆ ಆ ಕಥೆಗಳಿಗೆ ಈ ಸೀಮೆಯಲ್ಲಿ ತಲೆಮಾರುಗಳ ಗಾಯನ ಪರಂಪರೆಯಿತ್ತು. ಇಂಥ ಸಂದರ್ಭದಲ್ಲಿ ಚಲನಚಿತ್ರವು ಪ್ರೇಕ್ಷಕರಿಗೆ ಹೊಸ ಕಥೆಯನ್ನು ಹೇಳುವುದಿಲ್ಲ. ಅವರು ಹಾಡಿನ ಮೂಲಕ ಬಲ್ಲ ಕಥೆಯನ್ನು ಕಣ್ಣಿಗೆ ಕಾಣಿಸುತ್ತದೆ.

### ಸಭೆಯ ಹಾಡು

ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ 1924ರ ಡಿಸೆಂಬರಿನಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹುಯಿಲಗೋಳ ನಾರಾಯಣರಾಯರ 'ಉದಯವಾಗಲಿ' ಗೀತೆಯನ್ನು ಹಾಡಲಾಯಿತು. ಬಾಲಕಿಯಾಗಿದ್ದ ಗಂಗೂಬಾಯಿ ಹಾನಗಲ್ ಅಂದು ಗಾಂಧೀಜಿಯವರ ಎದುರು ಹಾಡಿದ್ದರು. ಈ ಗೀತೆ ಮುಂದೆ ಕರ್ನಾಟಕ ಏಕೀಕರಣ ಚಳವಳಿಯ ಹಾಡಾಯಿತು. ಇಂದು ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಇದನ್ನು ಕೇಳಿಸಿದರೆ ಆ ಚಳವಳಿಯ ಇತಿಹಾಸವೆಲ್ಲ ಅದರೊಡನೆ ಬರುತ್ತದೆ.

## ಕನ್ನಡ ಚಲನಚಿತ್ರಗಳಲ್ಲಿ

### ಕವಿತೆಗಳು

1960ರ ದಶಕದಿಂದ ಕನ್ನಡ ಚಿತ್ರಗಳು ನವೋದಯ ಕವಿಗಳ ರಚನೆಗಳನ್ನು ಅಳವಡಿಸಿಕೊಂಡವು. ದ. ರಾ. ಬೇಂದ್ರೆಯವರ ಯುಗಾದಿಯ ಕವಿತೆ 'ಕುಲವಧು' (1963) ಚಿತ್ರದಲ್ಲಿಯೂ ಬೆಳಗಿನ ವರ್ಣನೆಯ ಕವಿತೆ 'ಬೆಳ್ಳಿಮೋಡ' (1967) ಚಿತ್ರದಲ್ಲಿಯೂ, ಕುವೆಂಪು ಅವರ 'ದೋಣಿ ಸಾಗಲಿ' ಗೀತೆ 'ಮಿಸ್ ಲೀಲಾವತಿ' (1965) ಚಿತ್ರದಲ್ಲಿಯೂ ಬಂದವು. ಪಠ್ಯಪುಸ್ತಕ ಮತ್ತು ಕವಿಗೋಷ್ಠಿಗಳಿಂದ ಪರಿಚಿತವಾಗಿದ್ದ ಸಾಹಿತ್ಯಕ್ಕೆ ಚಿತ್ರಗಳು ಸ್ಥಿರವಾದ ಧಾಟಿಯೊಂದನ್ನು ನೀಡಿದವು. ಎಸ್. ಜಾನಕಿ ಹಾಡಿದ ಯುಗಾದಿಯ ಗೀತೆಯನ್ನು ಇಂದಿಗೂ ಹಬ್ಬದ ದಿನ ಬಾನುಲಿ ಮತ್ತು ದೂರದರ್ಶನ ವಾಹಿನಿಗಳು ಪ್ರಸಾರ ಮಾಡುತ್ತವೆ.

ಟಿ. ಎಸ್. ನಾಗಾಭರಣ ಅವರ 'ಮೈಸೂರು ಮಲ್ಲಿಗೆ' ಚಿತ್ರವು ಕೆ. ಎಸ್. ನರಸಿಂಹಸ್ವಾಮಿಯವರ 1942ರ ಕವನ ಸಂಕಲನದ ಸುತ್ತಲೇ ಕಥೆಯನ್ನು ಹೆಣೆಯಿತು. ಇಲ್ಲಿ ಕಥೆಗೆ ಹಾಡು ಹುಡುಕದೆ, ಹಾಡುಗಳಿಗೆ ಕಥೆ ಹುಡುಕಲಾಯಿತು. ಈ ಚಿತ್ರದ ಗೀತಸಾಹಿತ್ಯಕ್ಕಾಗಿ ಕವಿಗೆ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ದೊರೆಯಿತು.

### ದಾಸರ ಪದ, ತತ್ವಪದ ಮತ್ತು ಜನಪದ ಧಾಟಿ

ಶಂಕರ್ ನಾಗ್ ನಿರ್ದೇಶನದ 'ನೋಡಿ ಸ್ವಾಮಿ ನಾವಿರೋದು ಹೀಗೆ' (1983) ಚಿತ್ರದಲ್ಲಿ ಪುರಂದರದಾಸರ 'ಭಾಗ್ಯದ ಲಕ್ಷ್ಮೀ' ಪದ ಭೀಮಸೇನ ಜೋಶಿಯವರ ಕಂಠದಲ್ಲಿ ಬರುತ್ತದೆ. ಶುಕ್ರವಾರದ ಪೂಜೆಯಲ್ಲಿ ಮನೆಮನೆಯಲ್ಲಿ ಕೇಳಿಬರುವ ಈ ಪದದ ಹೆಸರನ್ನೇ 1986ರ ರಾಜ್‌ಕುಮಾರ್ ಚಿತ್ರವೊಂದಕ್ಕೆ ಇಡಲಾಯಿತು.

'ಸಂತ ಶಿಶುನಾಳ ಶರೀಫ' (1990) ಚಿತ್ರಕ್ಕೆ ಸಿ. ಅಶ್ವಥ್ ಸಂಗೀತ ನೀಡಿದರು. ಶರೀಫರ (1819–1889) ತತ್ವಪದಗಳನ್ನು ಅವರು ಅದಕ್ಕೂ ಮೊದಲೇ ಧ್ವನಿಸುರುಳಿ ಮತ್ತು ವೇದಿಕೆಗಳ ಮೂಲಕ ಜನಪ್ರಿಯಗೊಳಿಸಿದ್ದರು. ಶರೀಫರ ಬದುಕನ್ನು ನಿರೂಪಿಸಲು ಚಿತ್ರವು ಸಂಭಾಷಣೆಯಷ್ಟೇ ಪದಗಳನ್ನೂ ಅವಲಂಬಿಸಿತು. ರಾಷ್ಟ್ರೀಯ ಭಾವೈಕ್ಯವನ್ನು ಕುರಿತ ಅತ್ಯುತ್ತಮ ಚಿತ್ರವೆಂದು ಇದು ರಾಷ್ಟ್ರಪ್ರಶಸ್ತಿ ಪಡೆಯಿತು.

ಬೆಳಗಾವಿ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು ತಮ್ಮ ಸೀಮೆಯ ಆಡುಮಾತು ಮತ್ತು ಹಾಡುಗಾರಿಕೆಯ ಲಯವನ್ನು ನಾಟಕ ಹಾಗೂ ಚಲನಚಿತ್ರಗಳಿಗೆ ತಂದರು. ಅವರೇ ನಿರ್ದೇಶಿಸಿ ಸಂಗೀತ ನೀಡಿದ 'ಕಾಡುಕುದುರೆ' ಚಿತ್ರದ ಶೀರ್ಷಿಕೆ ಗೀತೆಗಾಗಿ ಶಿವಮೊಗ್ಗ ಸುಬ್ಬಣ್ಣ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಪಡೆದರು. ಹಾಡು ಕಂಬಾರರ ಸ್ವಂತ ರಚನೆಯಾದರೂ ಅದರ ನಡೆ ಜನಪದದ್ದಾದ ಕಾರಣ, ಮೊದಲ ಬಾರಿ ಕೇಳಿದವರಿಗೂ ಹಿಂದೆಂದೋ ಕೇಳಿದಂತೆ ತೋರುತ್ತದೆ. ಪರಿಚಿತ ಹಾಡನ್ನು ಬಳಸದೆಯೇ ಪರಿಚಿತತೆಯನ್ನು ಸಾಧಿಸುವ ಮಾರ್ಗವಿದು.

### ಹಳೆಯ ಚಿತ್ರಗೀತೆಗಳ ಮರುಬಳಕೆ

'ಕೆಜಿಎಫ್: ಚಾಪ್ಟರ್ 1' (2018) ಚಿತ್ರದ ಒಂದು ದೃಶ್ಯದಲ್ಲಿ 1970ರ 'ಪರೋಪಕಾರಿ' ಚಿತ್ರದ 'ಜೋಕೆ' ಹಾಡನ್ನು ಮರುಗಾಯನದ ರೂಪದಲ್ಲಿ ಬಳಸಲಾಗಿದೆ. ಚಿತ್ರದ ಹಿಂದಿ ಆವೃತ್ತಿಯಲ್ಲಿ ಅದೇ ಸ್ಥಾನದಲ್ಲಿ 1989ರ 'ತ್ರಿದೇವ್' ಚಿತ್ರದ 'ಗಲಿ ಗಲಿ' ಹಾಡಿದೆ. ಕನ್ನಡದ ಪ್ರೇಕ್ಷಕರ ನೆನಪನ್ನು ಮೀಟುವ ಹಾಡು ಹಿಂದಿಯ ಪ್ರೇಕ್ಷಕರಿಗೆ ಅಪರಿಚಿತವಾದ್ದರಿಂದ, ಹಾಡನ್ನು ಅನುವಾದಿಸುವ ಬದಲು ಅದಕ್ಕೆ ಸಮನಾದ ಬೇರೊಂದು ನೆನಪನ್ನು ಆರಿಸಲಾಯಿತು. ಕಥೆ ನಡೆಯುವ 1970ರ ದಶಕಕ್ಕೆ 'ಜೋಕೆ' ಕಾಲದ ದೃಷ್ಟಿಯಿಂದಲೂ ಹೊಂದುತ್ತದೆ. ಹಿಂದಿಯ ಹಾಡು ಕಥೆಯ ಕಾಲಕ್ಕಿಂತ ಈಚಿನದು. ಪರಿಚಿತ ಹಾಡಿನ ಆಯ್ಕೆಯಲ್ಲಿ ಕಾಲನಿಷ್ಠೆಗಿಂತ ಕೇಳುಗರ ನೆನಪಿಗೆ ಹೆಚ್ಚಿನ ಬೆಲೆ ಸಿಗಬಹುದೆಂಬುದನ್ನು ಇದು ತೋರಿಸುತ್ತದೆ.

### ಗಡಿ ದಾಟಿದ ಧಾಟಿ

ಮರಾಠಿಯ 'ಸೈರಾಟ್' (2016) ಚಿತ್ರ ಕನ್ನಡದಲ್ಲಿ 'ಮನಸು ಮಲ್ಲಿಗೆ' (2017) ಎಂಬ ಹೆಸರಿನಲ್ಲಿ ಪುನರ್ನಿರ್ಮಾಣಗೊಂಡಾಗ ಅಜಯ್–ಅತುಲ್ ಅವರ ಮೂಲ ಧಾಟಿಗಳನ್ನೇ ಕನ್ನಡ ಸಾಹಿತ್ಯದೊಡನೆ ಬಳಸಲಾಯಿತು. ಬೆಂಗಳೂರು ಅಥವಾ ಮೈಸೂರಿನ ಅನೇಕ ಪ್ರೇಕ್ಷಕರಿಗೆ ಇವು ಹೊಸ ಹಾಡುಗಳಾಗಬಹುದು. ಕನ್ನಡ, ಮರಾಠಿ, ಉರ್ದು ಮತ್ತು ಕೊಂಕಣಿ ಭಾಷಿಕರು ಕೂಡಿ ಬಾಳುವ ಬೆಳಗಾವಿ ಮತ್ತು ಖಾನಾಪುರದಲ್ಲಿ ಮರಾಠಿಯ ಮೂಲವನ್ನೇ ಕೇಳಿದ್ದ ಪ್ರೇಕ್ಷಕರಿಗೆ ಅದೇ ಧಾಟಿ ಎರಡನೆಯ ಭಾಷೆಯಲ್ಲಿ ಎದುರಾಗುತ್ತದೆ. ಆದ್ದರಿಂದ ಒಂದು ಸಂಗೀತ 'ಪರಿಚಿತ' ಹೌದೋ ಅಲ್ಲವೋ ಎಂಬುದು ಸಂಗೀತದ ಗುಣವಲ್ಲ, ಕೇಳುವ ಸಮುದಾಯದ ಗುಣ. ಇಂಥ ಬಹುಭಾಷಾ ಊರುಗಳಲ್ಲಿ ಜಾಹೀರಾತಿಗೆ ಹಾಡನ್ನು ಆರಿಸುವವರು ಯಾರನ್ನು ಉದ್ದೇಶಿಸಿ ಮಾತನಾಡುತ್ತಿದ್ದೇವೆ ಎಂಬುದನ್ನೂ ಅದರೊಡನೆ ಆರಿಸುತ್ತಾರೆ.

## ಜಾಹೀರಾತು ಮತ್ತು ಪ್ರಚಾರದಲ್ಲಿ

### ಬಾನುಲಿಯ ಕಾಲ

1952ರಲ್ಲಿ ಆಕಾಶವಾಣಿ ಚಿತ್ರಗೀತೆಗಳ ಪ್ರಸಾರವನ್ನು ಕಡಿತಗೊಳಿಸಿದಾಗ ಕೇಳುಗರು ರೇಡಿಯೊ ಸಿಲೋನ್ ಕಡೆಗೆ ಹೊರಳಿದರು. ಆ ವರ್ಷದ ಕೊನೆಯಲ್ಲಿ ಆರಂಭವಾದ 'ಬಿನಾಕಾ ಗೀತಮಾಲಾ' ಹಲ್ಲುಪೇಸ್ಟಿನ ಪ್ರಾಯೋಜಕತ್ವದ ಕಾರ್ಯಕ್ರಮವಾಗಿತ್ತು. ಜನ ಮೆಚ್ಚಿದ ಹಾಡುಗಳ ನಡುವೆ ಸರಕಿನ ಹೆಸರು ವಾರವಾರವೂ ಕೇಳಿಬಂದ ಕಾರಣ, ಹಾಡಿನ ನೆನಪಿನೊಡನೆ ಸರಕಿನ ನೆನಪೂ ಬೆಸೆದುಕೊಂಡಿತು. ವಿವಿಧಭಾರತಿಯಲ್ಲಿ ಜಾಹೀರಾತು ಪ್ರಸಾರ 1967ರಲ್ಲಿ ಪ್ರಾರಂಭವಾಯಿತು. ಜಾತ್ರೆಗಳಲ್ಲಿ ಮೊಕ್ಕಾಂ ಹೂಡುವ ನಾಟಕ ಕಂಪನಿಗಳು ಧ್ವನಿವರ್ಧಕ ಕಟ್ಟಿದ ವಾಹನದಿಂದ ಜನಪ್ರಿಯ ಹಾಡು ಕೇಳಿಸಿ, ಜನ ಕಿವಿಗೊಟ್ಟ ಮೇಲೆ ಅಂದಿನ ನಾಟಕದ ಹೆಸರನ್ನು ಸಾರುವುದು ಇದೇ ತತ್ವದ ಸ್ಥಳೀಯ ರೂಪ.

### ಟೈಟಾನ್

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಟೈಟಾನ್ ಸಂಸ್ಥೆ 1980ರ ದಶಕದ ಕೊನೆಯಿಂದ ತನ್ನ ಕೈಗಡಿಯಾರಗಳ ಜಾಹೀರಾತಿನಲ್ಲಿ ಮೊಜಾರ್ಟ್ 1773ರಲ್ಲಿ ರಚಿಸಿದ 25ನೆಯ ಸಿಂಫನಿಯ ಆರಂಭದ ಭಾಗವನ್ನು ಬಳಸುತ್ತ ಬಂದಿದೆ. ಇದೇ ಭಾಗ 1984ರ 'ಅಮೇಡಿಯಸ್' ಚಿತ್ರದ ಆರಂಭದಲ್ಲಿಯೂ ಇದೆ. ಯುರೋಪಿನ ಕೇಳುಗರಿಗೆ ಹಿಂದೆಯೇ ಪರಿಚಿತವಾಗಿದ್ದ ಸಂಗೀತ, ಭಾರತದ ಬಹುಪಾಲು ಕೇಳುಗರಿಗೆ ಜಾಹೀರಾತಿನ ಮೂಲಕವೇ ಪರಿಚಿತವಾಯಿತು; ಹಲವರು ಇದನ್ನು ಮೊಜಾರ್ಟ್‌ನ ಸಿಂಫನಿಯೆಂದಲ್ಲ, ಟೈಟಾನ್‌ನ ಧಾಟಿಯೆಂದೇ ಗುರುತಿಸುತ್ತಾರೆ. ಜಾಹೀರಾತು ಎರವಲು ತಂದ ನೆನಪನ್ನು ಕಾಲಕ್ರಮದಲ್ಲಿ ತನ್ನದಾಗಿಸಿಕೊಳ್ಳಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಎ. ಆರ್. ರಹಮಾನ್ 2002ರಲ್ಲಿ ಏರ್‌ಟೆಲ್‌ಗಾಗಿ ರಚಿಸಿದ ಧಾಟಿ ಇದಕ್ಕಿಂತ ಭಿನ್ನ. ಅದು ಜಾಹೀರಾತಿಗಾಗಿಯೇ ಹುಟ್ಟಿ ಪುನರಾವರ್ತನೆಯಿಂದ ಪರಿಚಿತವಾಯಿತು.

### ಮಿಲೇ ಸುರ್ ಮೇರಾ ತುಮ್ಹಾರಾ

1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಪ್ರಸಾರವಾದ ಈ ಭಾವೈಕ್ಯ ಗೀತೆ ಗದಗ ಸೀಮೆಯ ಭೀಮಸೇನ ಜೋಶಿಯವರ ಕಂಠದಿಂದ ಆರಂಭವಾಗುತ್ತದೆ. ಹಾಡು ಹೊಸದಾದರೂ ಅದಕ್ಕೆ ಆಧಾರವಾದ ಭೈರವಿ ರಾಗ, ಹಾಡಿದ ಕಂಠಗಳು ಮತ್ತು ಕಾಣಿಸಿಕೊಂಡ ಮುಖಗಳು ದೇಶಕ್ಕೆ ಪರಿಚಿತವಾಗಿದ್ದವು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಒಂದೇ ಸಾಲು ಮರಳಿ ಬರುವುದರಿಂದ ಭಾಷೆ ಅರ್ಥವಾಗದಿದ್ದರೂ ಧಾಟಿ ಅರ್ಥವನ್ನು ತಲುಪಿಸುತ್ತದೆ. 2010ರಲ್ಲಿ ಹೊಸ ಆವೃತ್ತಿ ಬಂದರೂ ಮೂಲಕ್ಕೆ ದೊರೆತ ಮನ್ನಣೆ ಅದಕ್ಕೆ ದೊರೆಯಲಿಲ್ಲ.

## ಕಾನೂನಿನ ಅಂಶಗಳು

ಭಾರತದಲ್ಲಿ 1957ರ ಹಕ್ಕುಸ್ವಾಮ್ಯ ಕಾಯಿದೆಯು ಹಾಡಿನ ಸಾಹಿತ್ಯ, ಸಂಗೀತ ಮತ್ತು ಧ್ವನಿಮುದ್ರಿಕೆಯನ್ನು ಪ್ರತ್ಯೇಕ ಕೃತಿಗಳೆಂದು ಪರಿಗಣಿಸುತ್ತದೆ. ಒಂದರ ಹಕ್ಕು ಮುಗಿದರೂ ಇನ್ನೊಂದರ ಹಕ್ಕು ಜಾರಿಯಲ್ಲಿರಬಹುದು.

| ಅಂಶ | ಹಕ್ಕಿನ ಅವಧಿ | ಉದಾಹರಣೆ |
|---|---|---|
| ಸಾಹಿತ್ಯ | ಕರ್ತೃವಿನ ಜೀವಿತಾವಧಿ ಮತ್ತು ಮರಣದ ಮುಂದಿನ ವರ್ಷಾರಂಭದಿಂದ 60 ವರ್ಷ | ಬೇಂದ್ರೆ (ಮರಣ 1981): 2041ರ ಕೊನೆಯವರೆಗೆ |
| ಸಂಗೀತ ಸಂಯೋಜನೆ | ಮೇಲಿನಂತೆಯೇ | ಸಿ. ಅಶ್ವಥ್ (ಮರಣ 2009): 2069ರ ಕೊನೆಯವರೆಗೆ |
| ಧ್ವನಿಮುದ್ರಿಕೆ | ಪ್ರಕಟಣೆಯ ಮುಂದಿನ ವರ್ಷಾರಂಭದಿಂದ 60 ವರ್ಷ | 1963ರ ಮುದ್ರಿಕೆ: 2023ರ ಕೊನೆಗೆ ಮುಕ್ತ |

ಇದರಂತೆ ಶರೀಫರ ಪದಗಳ ಸಾಹಿತ್ಯ ಸಾರ್ವಜನಿಕ ಸ್ವತ್ತಾಗಿದ್ದರೂ ಅವಕ್ಕೆ ಅಶ್ವಥ್ ಮಾಡಿದ ಸ್ವಂತ ಸಂಯೋಜನೆಗಳು ಸಾರ್ವಜನಿಕ ಸ್ವತ್ತಲ್ಲ. 1963ರ ಚಿತ್ರಗೀತೆಯ ಮುದ್ರಿಕೆಯ ಹಕ್ಕು ಮುಗಿದಿದ್ದರೂ ಅದರಲ್ಲಿರುವ ಬೇಂದ್ರೆಯವರ ಕವಿತೆಗೆ ರಕ್ಷಣೆಯಿದೆ. ಹುಯಿಲಗೋಳ ನಾರಾಯಣರಾಯರು 1971ರಲ್ಲಿ ನಿಧನರಾದ್ದರಿಂದ ಅವರ ಗೀತೆಯ ರಕ್ಷಣೆ 2031ರ ಕೊನೆಯವರೆಗೆ ಇರುತ್ತದೆ.

ಹಾಡನ್ನು ದೃಶ್ಯಕ್ಕೆ ಜೋಡಿಸುವವರು ಸಾಹಿತ್ಯ ಮತ್ತು ಸಂಗೀತದ ಹಕ್ಕುದಾರರಿಂದ ಒಂದು ಅನುಮತಿಯನ್ನೂ, ಮೂಲ ಮುದ್ರಿಕೆಯನ್ನೇ ಬಳಸುವುದಾದರೆ ಅದರ ಒಡೆಯರಿಂದ ಇನ್ನೊಂದನ್ನೂ ಪಡೆಯಬೇಕು. 2012ರ ತಿದ್ದುಪಡಿಯು ಗೀತರಚನೆಕಾರರು ಮತ್ತು ಸಂಗೀತ ಸಂಯೋಜಕರಿಗೆ, ಚಿತ್ರಮಂದಿರದಲ್ಲಿನ ಪ್ರದರ್ಶನವನ್ನು ಹೊರತುಪಡಿಸಿದ ಬಳಕೆಗಳಲ್ಲಿ ಗೌರವಧನದ ಸಮಪಾಲು ಪಡೆಯುವ ಹಕ್ಕನ್ನು ನೀಡಿತು. ಈ ಹಕ್ಕನ್ನು ಅವರು ನಿರ್ಮಾಪಕರಿಗೆ ಬಿಟ್ಟುಕೊಡುವಂತಿಲ್ಲ. ಮದುವೆಯ ಮೆರವಣಿಗೆ ಮತ್ತು ಧಾರ್ಮಿಕ ಸಮಾರಂಭಗಳಲ್ಲಿ ಹಾಡನ್ನು ನುಡಿಸುವುದಕ್ಕೆ ಕಾಯಿದೆಯಲ್ಲಿ ವಿನಾಯಿತಿ ಇದೆ. ಜಾಹೀರಾತಿಗೆ ಅಂಥ ವಿನಾಯಿತಿ ಇಲ್ಲ.

## ವಿವಾದಗಳು ಮತ್ತು ಟೀಕೆ

ಬೀಟಲ್ಸ್ ತಂಡದ 'ರೆವಲ್ಯೂಷನ್' ಹಾಡನ್ನು ನೈಕಿ ಸಂಸ್ಥೆ 1987ರಲ್ಲಿ ಪಾದರಕ್ಷೆಯ ಜಾಹೀರಾತಿಗೆ ಬಳಸಿದಾಗ ತಂಡದ ಸಂಸ್ಥೆಯಾದ ಆಪಲ್ ನ್ಯಾಯಾಲಯದ ಮೊರೆಹೋಯಿತು. ಕರ್ನಾಟಕದಲ್ಲಿ 2022ರ ನವೆಂಬರಿನಲ್ಲಿ, 'ಕೆಜಿಎಫ್: ಚಾಪ್ಟರ್ 2' ಚಿತ್ರದ ಸಂಗೀತವನ್ನು ಭಾರತ್ ಜೋಡೊ ಯಾತ್ರೆಯ ಪ್ರಚಾರ ವಿಡಿಯೊಗಳಲ್ಲಿ ಅನುಮತಿಯಿಲ್ಲದೆ ಬಳಸಲಾಗಿದೆ ಎಂದು ಎಂಆರ್‌ಟಿ ಮ್ಯೂಸಿಕ್ ದಾವೆ ಹೂಡಿತು. ಬೆಂಗಳೂರಿನ ವಾಣಿಜ್ಯ ನ್ಯಾಯಾಲಯವು ಸಂಬಂಧಿಸಿದ ಟ್ವಿಟರ್ ಖಾತೆಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತು. ಆಕ್ಷೇಪಿತ ಭಾಗವನ್ನು ತೆಗೆದುಹಾಕುವ ಷರತ್ತಿನ ಮೇಲೆ ಕರ್ನಾಟಕ ಉಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿತು.

ಧಾಟಿಯ ಪರಿಚಿತತೆಗೆ ಇರುವ ಮಹತ್ವ ನಾಡಗೀತೆಯ ಚರ್ಚೆಯಲ್ಲಿಯೂ ಕಂಡುಬಂದಿತು. 2004ರಲ್ಲಿ ನಾಡಗೀತೆಯಾದ ಕುವೆಂಪು ರಚನೆಗೆ ಮೈಸೂರು ಅನಂತಸ್ವಾಮಿ ಮತ್ತು ಸಿ. ಅಶ್ವಥ್ ಅವರ ಬೇರೆ ಬೇರೆ ಧಾಟಿಗಳು ಬಳಕೆಯಲ್ಲಿದ್ದವು. 2022ರಲ್ಲಿ ರಾಜ್ಯ ಸರ್ಕಾರ ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಆದೇಶಿಸಿದಾಗ ಇನ್ನೊಂದು ಧಾಟಿಯ ಪರವಾಗಿ ಆಕ್ಷೇಪ ವ್ಯಕ್ತವಾಗಿ, ವಿಷಯ ಉಚ್ಚ ನ್ಯಾಯಾಲಯದವರೆಗೆ ಹೋಯಿತು.

ಜನಪದ ಸಂಗೀತದ ವಿಷಯದಲ್ಲಿ ಪ್ರಶ್ನೆ ಇನ್ನೂ ಜಟಿಲವಾಗಿದೆ. ಲಾವಣಿ, ಗೀಗೀ ಪದ, ಸವದತ್ತಿ ಯಲ್ಲಮ್ಮನ ಚೌಡಿಕೆ ಪದ ಮೊದಲಾದವುಗಳಿಗೆ ಗೊತ್ತಾದ ಕರ್ತೃವಿಲ್ಲದ ಕಾರಣ ಹಕ್ಕುಸ್ವಾಮ್ಯ ಕಾಯಿದೆಯ ರಕ್ಷಣೆ ಅವಕ್ಕೆ ದೊರೆಯುವುದಿಲ್ಲ. ಅವುಗಳನ್ನು ಮೊದಲು ಧ್ವನಿಮುದ್ರಿಸಿದ ಸಂಸ್ಥೆಗೆ ಆ ಮುದ್ರಿಕೆಯ ಮೇಲೆ, ಹೊಸದಾಗಿ ಸಂಯೋಜಿಸಿದವರಿಗೆ ಆ ಸಂಯೋಜನೆಯ ಮೇಲೆ ಹಕ್ಕು ದೊರೆಯುತ್ತದೆ. ತಲೆಮಾರುಗಳಿಂದ ಹಾಡನ್ನು ಕಾಪಾಡಿದ ಸಮುದಾಯಕ್ಕೆ ದೊರೆಯುವುದಿಲ್ಲ. ಮುದ್ರಣದಲ್ಲಿ ಹಾಡಿದ ಕಲಾವಿದರಿಗೆ ಪ್ರದರ್ಶಕರ ಹಕ್ಕು ಇದ್ದರೂ, ಲಿಖಿತ ಒಪ್ಪಂದವಿಲ್ಲದೆ ಹಾಡುವ ಗ್ರಾಮೀಣ ಕಲಾವಿದರು ಅದನ್ನು ಸ್ಥಾಪಿಸುವುದು ಕಷ್ಟ. ಇದರಿಂದಾಗಿ ಚಿತ್ರದ ಶೀರ್ಷಿಕೆಯಲ್ಲಿ 'ಜನಪದ' ಎಂದಷ್ಟೇ ನಮೂದಿಸದೆ, ಧಾಟಿ ದೊರೆತ ಊರು, ಮೇಳ ಮತ್ತು ಹಾಡುಗಾರರ ಹೆಸರುಗಳನ್ನು ದಾಖಲಿಸಿ ಸಂಭಾವನೆ ನೀಡಬೇಕೆಂಬ ವಾದವಿದೆ.

ಮತ್ತೊಂದು ಟೀಕೆ ಅರ್ಥದ ಸವಕಳಿಯನ್ನು ಕುರಿತದ್ದು. ಹರಕೆಯ ಪದ, ಹೋರಾಟದ ಹಾಡು ಅಥವಾ ಶೋಕಗೀತೆಯನ್ನು ಸರಕಿನೊಡನೆ ಪದೇ ಪದೇ ಕೇಳಿಸಿದರೆ ಅದರ ಮೂಲ ಸಂದರ್ಭ ಹಿಂದೆ ಸರಿದು ಸರಕಿನ ಹೆಸರೇ ಮುಂದೆ ಬರುತ್ತದೆ. ಮುಂದಿನ ತಲೆಮಾರು ಹಾಡನ್ನು ಜಾಹೀರಾತಿನ ಮೂಲಕವೇ ಮೊದಲು ಕೇಳುವುದರಿಂದ, ಎರವಲು ಪಡೆದ ನೆನಪು ಸಮುದಾಯಕ್ಕೆ ಹಿಂದಿರುಗದೆ ಉಳಿಯುವ ಸಾಧ್ಯತೆಯಿದೆ. ಇದಕ್ಕೆ ಪ್ರತಿಯಾಗಿ, ಚಲನಚಿತ್ರ ಮತ್ತು ಧ್ವನಿಸುರುಳಿಗಳ ಮೂಲಕವೇ ಶರೀಫರ ಪದಗಳು ಮತ್ತು ನವೋದಯದ ಕವಿತೆಗಳು ಓದುಬರಹ ಬಾರದವರನ್ನೂ ತಲುಪಿದವು ಎಂಬುದನ್ನು ಈ ಕ್ರಮದ ಸಮರ್ಥಕರು ಎತ್ತಿ ತೋರಿಸುತ್ತಾರೆ.

## ಇವನ್ನೂ ನೋಡಿ

* ಗೀಗೀ ಪದ
* ಶ್ರೀಕೃಷ್ಣ ಪಾರಿಜಾತ
* ಸಂಗ್ಯಾ ಬಾಳ್ಯಾ
* ಸಂಗೊಳ್ಳಿ ರಾಯಣ್ಣ
* ಸುಗಮ ಸಂಗೀತ
* ಹಕ್ಕುಸ್ವಾಮ್ಯ